ಚಿಸೊಮೊಳ ನೀಲಿ ಸ್ಕರ್ಟು

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ಮರುವರ್ಷದ ಮಾತು. ಆಗ ನಾನು ಉಲ್ಹಾಸನಗರದ ಒಂದು ಯೂನಿಫಾರ್ಮ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೆ. ವಯಸ್ಸಾಯಿತೆಂದು ಸೇಠ್ ನನ್ನನ್ನು ಅರ್ಧ ದಿನದ ಕೆಲಸಕ್ಕೆ ಇಳಿಸಿದ್ದ. ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಊರೆಲ್ಲ ಮುಂಬೈ ಕಡೆಯ ಲೋಕಲ್‌ಗೆ ಜೋತುಬೀಳುವಾಗ ನಾನು ಎದುರಿನ ಗಾಡಿ ಹತ್ತಿ, ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ಬದಾಮಿ ಕಡೆಯಿಂದ ಬಂದವನು, ಕಲಿತದ್ದು ನಾಲ್ಕನೇ ಇಯತ್ತೆ. ಕೆಲಸ ಮಾತ್ರ ಜನ್ಮಪೂರ್ತಿ ಶಾಲೆ ಮಕ್ಕಳದ್ದೇ. ಥಾಣೆಯಿಂದ ಕಲ್ಯಾಣದಾಚೆಯವರೆಗೆ ಎಷ್ಟೋ ಮಕ್ಕಳು ನಾನು ಕತ್ತರಿಸಿದ ಬಟ್ಟೆ ಹಾಕಿಕೊಂಡು ದೊಡ್ಡವರಾಗಿದ್ದಾರೆ. ಅಷ್ಟರಲ್ಲಿ ಒಂದೇ ಒಂದು ಬಟ್ಟೆಯ ಕಥೆ ಹೇಳಬೇಕೆಂದು ಕೂತಿದ್ದೇನೆ. ಹೇಳುವಾಗ ನಡುನಡುವೆ ಹಿಗ್ಗು ತಡೆಯದೆ ಹೋದರೆ ಓದುವವರು ಸಹಿಸಿಕೊಳ್ಳಬೇಕು.

ಕಟಿಂಗ್ ಮಾಸ್ಟರ್ ಅಂದರೆ ಹೊಲಿಯುವವನಲ್ಲ. ಉದ್ದನೆಯ ಟೇಬಲ್ ಮೇಲೆ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಮಷೀನಿನಿಂದ ಒಟ್ಟಿಗೆ ಕತ್ತರಿಸುವವನು. ನಾನು ಒಂದು ಗೆರೆ ತಪ್ಪಿದರೆ ಅಡಿಯ ಪದರದವರೆಗೆ ಎಲ್ಲವೂ ತಪ್ಪಿದವೇ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಧಂದೆಯಲ್ಲಿ ಮಕ್ಕಳ ಮೈ ಅಳೆಯುವ ಪದ್ಧತಿಯಿಲ್ಲ. ಯಾವ ಕ್ಲಾಸಿಗೆ ಎಷ್ಟು ಮಕ್ಕಳು ಎಂದು ಶಾಲೆಯವರು ಹೇಳುತ್ತಾರೆ, ನಾವು ಕ್ಲಾಸಿನ ಮೇಲೆ ಸೈಜು ಹಾಕುತ್ತೇವೆ. ಎಂಟನೇ ಕ್ಲಾಸು ಅಂದರೆ ಹದಿಮೂರು ವರ್ಷ, ಸೊಂಟ ಇಪ್ಪತ್ತಾರು ಇಂಚು, ಉದ್ದ ಇಪ್ಪತ್ನಾಲ್ಕು. ಈ ಲೆಕ್ಕ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ.

ನನ್ನದೊಂದು ಹಟ ಮಾತ್ರ ಇತ್ತು. ಸ್ಕರ್ಟಿನ ಅಂಚನ್ನು ಒಳಗೆ ಮಡಚುವಾಗ ಬೇರೆಯವರು ಒಂದು ಇಂಚು ಬಿಟ್ಟರೆ ನಾನು ನಾಲ್ಕು ಇಂಚು ಬಿಡುತ್ತಿದ್ದೆ. ಬದಿಯ ಹೊಲಿಗೆಯಲ್ಲೂ ಒಂದಿಷ್ಟು ಹೆಚ್ಚೇ. ಹೀಗೆ ಒಳಗೆ ಬಿಡುವ ಬಟ್ಟೆಗೆ ನಮ್ಮಲ್ಲಿಯ ಟೇಲರುಗಳು ಮರಾಠಿಯಲ್ಲಿ ಮಾಯಾ, ಅಂದರೆ ಮಮತೆ, ಅನ್ನುತ್ತಾರೆ. ಮಗು ಬೆಳೆದಂತೆ ಅವ್ವನಾದವಳು ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. ಸೇಠ್ ಟೇಬಲ್ ಪಕ್ಕ ನಿಂತು, "ಮಾಸ್ಟರ್, ಇತನಾ ಕಪಡಾ ಅಂದರ್ ಕಿಸಕೇ ಲಿಯೇ ಛುಪಾತಾ ಹೈ?" ಎಂದು ಗೊಣಗುತ್ತಿದ್ದ. ಇಷ್ಟು ಬಟ್ಟೆ ಯಾರಿಗೋಸ್ಕರ ಒಳಗೆ ಬಚ್ಚಿಡುತ್ತೀ ಅಂತ. ನಾನು ತಲೆ ಎತ್ತದೆ ಗೆರೆ ಎಳೆಯುತ್ತಿದ್ದೆ.

ಈಗ ನನ್ನ ಮೊಮ್ಮಗಳು ಶ್ರಾವಣಿಯ ವಿಷಯಕ್ಕೆ ಬರುತ್ತೇನೆ. ನೆರೂಳದ ಕಾಲೇಜಿನಲ್ಲಿ ಓದಿದಳು. ಕಲಿತಾದ ಮೇಲೆ ನೌಕರಿ ಹಿಡಿಯುತ್ತಾಳೆ ಅಂದುಕೊಂಡರೆ, ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಗೆ ಒಂದು ವರ್ಷ ಸ್ವಯಂಸೇವಕಿಯಾಗಿ ಹೋಗುತ್ತೇನೆ ಎಂದಳು. ಅಲ್ಲಿ ಹುಡುಗಿಯರು ಅರ್ಧಕ್ಕೆ ಶಾಲೆ ಬಿಡುತ್ತಾರೆ, ಬಿಟ್ಟವರನ್ನು ಮತ್ತೆ ಕರೆತಂದು ಓದಿಗೆ ಕೂರಿಸುವುದು ಇವರ ಗುಂಪಿನ ಕೆಲಸ. ನನ್ನ ಹೆಂಡತಿ ಸಾವಂತ್ರಿ, "ಇಲ್ಲಿ ತುರ್ಭೆದಾಗ ಶಾಲಿ ಬಿಟ್ಟ ಹುಡುಗ್ಯಾರು ಇಲ್ಲೇನು?" ಎಂದು ಕೇಳಿದಳು. "ತಿಥೆ ಪಣ್ ಕೆಲಸ ಮಾಡೀನಿ ಅಜ್ಜಿ, ದೋನ್ ವರ್ಷ. ಈಗ ಅಲ್ಲಿ," ಎಂದು ನಕ್ಕಳು ಶ್ರಾವಣಿ. ತುರ್ಭೆಯಲ್ಲೂ ಎರಡು ವರ್ಷ ಮಾಡಿದ್ದಾಳಂತೆ. ಅವಳ ಕನ್ನಡ ಹಾಗೇ, ಅರ್ಧ ನಮ್ಮದು, ಅರ್ಧ ಡೊಂಬಿವಲಿಯದು.

ಹೋಗಿ ಕೆಲವು ತಿಂಗಳಾದ ಮೇಲೆ ಫೋನ್ ಮಾಡಿದಳು. ಅಲ್ಲಿಯ ಶಾಲೆಯಲ್ಲಿ ಮೇಲೆ ಯಾವ ಬಿಳಿ ಅಂಗಿಯಾದರೂ ನಡೆಯುತ್ತದಂತೆ, ಕೆಳಗೆ ನೀಲಿ ಸ್ಕರ್ಟು ಬೇಕೇ ಬೇಕಂತೆ. ಅದಿಲ್ಲದೆ ಎಷ್ಟೋ ಹುಡುಗಿಯರು ನಾಚಿಕೆಪಟ್ಟು ಮನೆಯಲ್ಲೇ ಉಳಿಯುತ್ತಾರೆ. "ಅಜ್ಜಾ, ನೀ ಮಾಡಿ ಕೊಡ್ತಿಯೇನು?" ಎಂದಳು.

ಮೊಮ್ಮಗಳು ನನ್ನ ಕೆಲಸವನ್ನು ಕೇಳಿ ಪಡೆದದ್ದು ಅದೇ ಮೊದಲು. ನಾನು ಅವತ್ತೇ ಸೇಠ್ ಹತ್ತಿರ ಹೋದೆ. ಬಣ್ಣ ಹೊಂದಲಿಲ್ಲವೆಂದು ಯಾವುದೋ ಶಾಲೆ ವಾಪಸು ಕಳಿಸಿದ ನೀಲಿ ಬಟ್ಟೆ ಗೋದಾಮಿನಲ್ಲಿ ಬಿದ್ದಿತ್ತು. ಸೇಠ್ ಗೊಣಗುವವನಾದರೂ ಕೆಟ್ಟವನಲ್ಲ, ಹೊತ್ತುಕೊಂಡು ಹೋಗು ಎಂದ. ರಜೆಯ ದಿನಗಳಲ್ಲಿ ನಾನು ಕತ್ತರಿಸಿದೆ, ಕಾರ್ಖಾನೆಯ ಹೆಣ್ಣುಮಕ್ಕಳು ಹೊಲಿದರು, ಸಾವಂತ್ರಿ ಹುಕ್ಕು ಹಚ್ಚಿದಳು. ನೆರೂಳದಿಂದ ಅದೇ ಗುಂಪಿನ ಇನ್ನೊಬ್ಬ ಹುಡುಗಿ ಹೊರಟಿದ್ದಳು, ಅವಳ ಪೆಟ್ಟಿಗೆಗಳಲ್ಲಿ ಸ್ಕರ್ಟುಗಳು ಹೋದವು. ಒಂದು ಪೀಸನ್ನು ನೆನಪಿಗೆಂದು ಮನೆಯ ಗೂಟಕ್ಕೆ ತೂಗುಹಾಕಿಕೊಂಡೆ.

ಹಂಚಿದ ಮರುದಿನ ಮಧ್ಯಾಹ್ನ ಶ್ರಾವಣಿಯ ವಿಡಿಯೋ ಕಾಲ್ ಬಂತು. ಫೋಟೋ ತೋರಿಸುತ್ತಾಳೆ, ಮಕ್ಕಳು ಕುಣಿಯುತ್ತಿರುತ್ತವೆ ಎಂದು ನಾನು ಕನ್ನಡಕ ಒರೆಸಿಕೊಂಡು ಕೂತೆ.

"ಅಜ್ಜಾ, ಗಡಬಡ ಝಾಲಿ," ಎಂದಳು. "ದೊಡ್ಡ ಹುಡುಗ್ಯಾರಿಗೆ ಸ್ಕರ್ಟ್ ಆಗವಲ್ದು."

"ಎಂಟನೇ ಇಯತ್ತೆದು ಸೈಜು ಬರೋಬ್ಬರಿ ಹಾಕೀನಲ್ಲ."

"ಎಂಟನೇ ಇಯತ್ತೆನೇ. ಆದ್ರ ಆಕಿ ವಯಸ್ಸು ಹದಿನೆಂಟು. ಆಕಿಗೆ ಒಂದು ಕೂಸೈತಿ."

ಶ್ರಾವಣಿ ಎಲ್ಲ ಬಿಡಿಸಿ ಹೇಳಿದಳು. ಆ ಹುಡುಗಿಯ ಹೆಸರು ಚಿಸೊಮೊ. ಶಾಲೆ ಬಿಟ್ಟು, ಮದುವೆಯಾಗಿ, ತಾಯಾದವಳು. ಗಂಡ ದುಡಿಯಲು ದೂರ ಹೋದವನು ತಿರುಗಿ ಬರಲಿಲ್ಲ. ಶ್ರಾವಣಿಯ ಗುಂಪಿನವರು ಮನೆಗೆ ಹೋಗಿ ಹೋಗಿ ಅವಳನ್ನು ಮತ್ತೆ ಶಾಲೆಗೆ ತಂದಿದ್ದರು. ಕೂಸನ್ನು ಅವಳ ಅಜ್ಜಿ ನೋಡಿಕೊಳ್ಳುತ್ತಿದ್ದಳು. ಎಲ್ಲರಿಗೂ ಸ್ಕರ್ಟು ಹಂಚಿದಾಗ ಇವಳೂ ಆಸೆಯಿಂದ ಅಲ್ಲೇ ಹಾಕಿ ನೋಡಿದ್ದಾಳೆ. ಅದು ಸೊಂಟಕ್ಕೆ ಏರಲೇ ಇಲ್ಲ. ಚಿಕ್ಕ ಹುಡುಗಿಯರು ಕಿಸಕ್ಕೆಂದು ನಕ್ಕಿದ್ದಾರೆ. ಸ್ಕರ್ಟನ್ನು ಮಡಚಿ ಬೆಂಚಿನ ಮೇಲಿಟ್ಟು ಹೋದವಳು ಮರುದಿನ ಬಂದಿಲ್ಲ. ಅಲ್ಲಿ ಹೈಸ್ಕೂಲಿಗೆ ಹೋಗಲು ಪಾಸಾಗಬೇಕಾದ ಎಂಟನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ಅದೇ ವಾರ ಹೆಸರು ಬರೆಸಬೇಕಿತ್ತು. ತಪ್ಪಿದರೆ ಒಂದು ವರ್ಷ ಕಾಯಬೇಕು. ಕಾಯುವವಳಲ್ಲ ಅವಳು, ಇನ್ನು ಬರುವುದೇ ಇಲ್ಲ ಎಂದಳು ಶ್ರಾವಣಿ.

ಇಲ್ಲಿಂದ ಬೇರೆ ಹೊಲಿದು ಕಳಿಸಲು ಹೋಗುವವರು ಯಾರೂ ಇರಲಿಲ್ಲ. ಅಂಚೆಯಲ್ಲಿ ಹಾಕಿದರೆ ಆ ವಾರ ಮುಟ್ಟುವ ಮಾತಿಲ್ಲ. ಆ ಹಳ್ಳಿಯಲ್ಲಿ ಅಂಥ ನೀಲಿ ಬಟ್ಟೆ ಸಿಗುವುದಿಲ್ಲ. ನಾನು ಗೂಟದಲ್ಲಿದ್ದ ಪೀಸನ್ನು ನೋಡುತ್ತ ಕೂತೆ. ಬದಿಯಲ್ಲಿ ಬಿಟ್ಟದ್ದನ್ನು ಬಿಚ್ಚಿದರೂ ಒಂದು ಸ್ಕರ್ಟಿನಲ್ಲಿ ಆಗುವುದಲ್ಲ, ಎರಡು ಸೇರಿಸಿದರೆ ಆದೀತು. ಆದರೆ ಇನ್ನೊಂದು ಮಗುವಿನದನ್ನು ಕಿತ್ತುಕೊಳ್ಳುವುದು ಹೇಗೆ?

"ಅಲ್ಲೇ ಯಾರರೆ ಕೊಡತಾರೇನು ಕೇಳವ್ವಾ," ಎಂದೆ. "ಕತ್ತರಿ ಹಚ್ಚೂದಿಲ್ಲ, ಬರೇ ಹೊಲಿಗಿ ಬಿಚ್ಚತೀವಿ. ಹೊಳ್ಳಿ ಕೊಡಾಕ ಬರತೈತಿ."

ಮರುದಿನ ಅದೇ ಹೊತ್ತಿಗೆ ಫೋನ್ ಬಂತು. ಚಿಸೊಮೊಳ ಮನೆಯ ಜಗುಲಿ. ಬೆಂಚಿನ ಮೇಲೆ ಬಿಟ್ಟುಹೋದ ಸ್ಕರ್ಟಿನ ಜೊತೆಗೆ ಇನ್ನೊಂದು ಇತ್ತು. ನಕ್ಕವರಲ್ಲೇ ಒಬ್ಬಳು, ಮನೆಯಲ್ಲಿ ಹಳೆಯದೊಂದು ಇದ್ದವಳು, ತಾನಾಗಿ ತಂದುಕೊಟ್ಟಿದ್ದಳಂತೆ. ಚಿಸೊಮೊ ಗೋಡೆಗೆ ಒರಗಿ ದೂರ ನಿಂತಿದ್ದಳು, ಫೋನಿನ ಕಡೆ ನೋಡಲಿಲ್ಲ. ಸೂಜಿ ಹಿಡಿದು ಕೂತದ್ದು ಅವಳ ಅಜ್ಜಿ. ಅಲ್ಲಿ ಅಜ್ಜಿಗೆ ಗೋಗೊ ಅನ್ನುತ್ತಾರೆ. ನನಗಿಂತ ಹಿರಿಯಳು, ಕೂಸು ಬೆನ್ನಿಗೆ ಕಟ್ಟಿಕೊಂಡಿದ್ದಳು. ನಾನು ಡೊಂಬಿವಲಿಯಲ್ಲಿ ನನ್ನ ಪೀಸಿನ ಬದಿಯ ಹೊಲಿಗೆ ಬಿಚ್ಚಿ ತೋರಿಸಿದೆ. ಆಕೆ ಅಲ್ಲಿ ಬಿಚ್ಚಿದಳು. ಅಂಚು ಬಿಚ್ಚಿದೆ, ಆಕೆಯೂ ಬಿಚ್ಚಿದಳು. ಒಳಗಿನ ನಾಲ್ಕು ಇಂಚು ಬಟ್ಟೆ ಹೊರಗೆ ಬಿದ್ದಾಗ ಆಕೆ ಅದನ್ನು ಅಂಗೈಯಲ್ಲಿ ಹಿಡಿದು ತೂಗಿ, ನನ್ನ ಕಡೆ ನೋಡಿ ಏನೋ ಅಂದಳು.

"ಏನಂತಾಳ?" ಎಂದು ಕೇಳಿದೆ.

"ಈ ಮುದುಕಗ ಹೆಣ್ಣಮಕ್ಕಳು ಅದಾವು ಅಂತ ಕಾಣತೈತಿ, ಅಂದ್ಳು," ಎಂದಳು ಶ್ರಾವಣಿ.

ಸೇಠ್ ಅಷ್ಟು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಆ ದೇಶದಿಂದ ಬಂತು. ನಾನು ಕಣ್ಣೊರೆಸಿಕೊಳ್ಳಲು ಮುಖ ಆಚೆ ತಿರುಗಿಸಿದೆ, ಸಾವಂತ್ರಿ ನೋಡಿಯೂ ನೋಡದ ಹಾಗೆ ಇದ್ದಳು.

ಎರಡು ಸ್ಕರ್ಟಿನ ಬದಿಗಳನ್ನು ಸೇರಿಸಿದ ಮೇಲೆ ಸೊಂಟದ ಪಟ್ಟಿ ಬಂತು. ಅಳತೆಗೆ ಸರಿಯಾಗಿ ನೆರಿಗೆ ಹಾಕಿ, ಪಟ್ಟಿ ಬಿಗಿ ಮಾಡಿ, ಒಂದು ಹುಕ್ಕು ಎಂದು ನಾನು ತೋರಿಸಿದೆ. ಗೋಗೊ ಬೇಡವೆಂದು ತಲೆಯಾಡಿಸಿದಳು. ಎದ್ದು ನಿಂತು, ತಾನು ಉಟ್ಟಿದ್ದ ಹೂವಿನ ಬಟ್ಟೆಯನ್ನು ತೋರಿಸಿದಳು. ಅಲ್ಲಿಯ ಹೆಂಗಸರು ಒಂದೇ ತುಂಡು ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ತುದಿಯನ್ನು ಒಂದರ ಮೇಲೊಂದು ತಂದು ಸಿಕ್ಕಿಸುತ್ತಾರೆ. ಹಾಗೇ ಇರಲಿ, ಹುಕ್ಕು ಎರಡು ಮೂರು ಕಡೆ ಇರಲಿ ಎಂದು ಸನ್ನೆ ಮಾಡಿದಳು.

"ಹಂಗ ಮಾಡಿದ್ರ ಯೂನಿಫಾರ್ಮ್ ಅನಸೂದಿಲ್ಲ, ಲುಂಗಿ ಆಗತೈತಿ," ಎಂದೆ ನಾನು.

ಹಿಂದಿನಿಂದ ಸಾವಂತ್ರಿ ಬಗ್ಗಿದಳು. "ಆಕಿ ಹೇಳೂದು ಖರೆ ಐತಿ. ಹಾಲು ಕುಡಿಸೂ ಹೆಣ್ಣಿನ ನಡಾ ತಿಂಗಳಿಗೊಂದು ನಮೂನಿ ಇರತೈತಿ. ನಾಕ ಹಡದ್ರೂ ನನ್ನ ನಡದ ಅಳತಿ ಒಮ್ಮೆರೆ ತಗೊಂಡೀರೇನು ನೀವು?"

ಶ್ರಾವಣಿ ಅದನ್ನು ಆ ಭಾಷೆಗೆ ತಿರುಗಿಸಿ ಹೇಳಿದಳು. ಗೋಗೊ ತೊಡೆ ತಟ್ಟಿ ನಕ್ಕಳು. ಬೆನ್ನ ಮೇಲಿನ ಕೂಸೂ ನಕ್ಕಿತು. ಗೋಡೆಯ ಪಕ್ಕದ ಹುಡುಗಿ ಆಗ ಮೊದಲ ಸಲ ನಮ್ಮ ಕಡೆ ಮುಖ ಮಾಡಿದಳು. ನಾನು ನನ್ನ ಪಟ್ಟಿಯ ಹುಕ್ಕನ್ನೂ ಕಿತ್ತು, ಗೋಗೊ ಹೇಳಿದ ಹಾಗೆ ಮಾಡಲು ಕೂತೆ.

ಮರುದಿನ ಚಿಸೊಮೊ ಆ ಸ್ಕರ್ಟು ಹಾಕಿಕೊಂಡು ಶಾಲೆಗೆ ಹೋದಳು. ಹೆಡ್ ಟೀಚರಮ್ಮ ಹಿಂದೆ ಮುಂದೆ ನೋಡಿ, ನೀಲಿ ಇದೆಯಲ್ಲ, ಒಳಗೆ ಬಾ ಅಂದರಂತೆ. ಹೆಸರು ಬರೆಸಿಯಾಯಿತು. ಅದಾದ ಮೇಲೆ ಇನ್ನೂ ಮೂವರು ದೊಡ್ಡ ಹುಡುಗಿಯರು, ಆಗದ ಸ್ಕರ್ಟನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಂಡವರು, ಒಬ್ಬೊಬ್ಬರಾಗಿ ಗೋಗೊಳ ಜಗುಲಿಗೆ ಬಂದರು. ಅವರಿಗೂ ಮನೆಯಲ್ಲಿ ಹಳೆಯದಿದ್ದ ಚಿಕ್ಕವರು ಯಾರೋ ಯಾರೋ ತಮ್ಮದನ್ನು ಕೊಟ್ಟರು.

ಪರೀಕ್ಷೆ ಮುಗಿದು, ರಿಸಲ್ಟ್ ಬಂದ ದಿನ ನಾನು ಗಾಡಿಯಲ್ಲಿದ್ದೆ. ವಿಠ್ಠಲವಾಡಿ ದಾಟುವಾಗ ಶ್ರಾವಣಿಯ ಮೆಸೇಜು ಬಂತು. ಅಕ್ಷರ ಸಣ್ಣದು, ಪಕ್ಕದವರಿಗೆ ಓದಲು ಕೊಟ್ಟೆ. "ಚಿಸೊಮೊ ಪಾಸ್" ಅಂದರು. ಡೊಂಬಿವಲಿಯಲ್ಲಿ ಇಳಿದವನೇ ಪೇಢೆ ತೆಗೆದುಕೊಂಡು ಬಿಲ್ಡಿಂಗಿನಲ್ಲಿ ಮನೆಮನೆಗೆ ಕೊಟ್ಟೆ. ಎದುರುಮನೆಯ ಜೋಶಿಬಾಯಿ, "ಕಾಯ್ ಕಾಕಾ, ಪಣತೂ ಝಾಲಾ ಕಾ?" ಎಂದು ಕೇಳಿದರು. ಮರಿಮಗ ಹುಟ್ಟಿದನೇ ಅಂತ. ನಮ್ಮ ಹುಡುಗಿ ಪಾಸಾದಳು ಅಂದೆ. ಯಾವ ಹುಡುಗಿ ಎಂದರೆ ಅಷ್ಟು ದೂರದ ಹುಡುಗಿಯನ್ನು ಮೆಟ್ಟಿಲ ಮೇಲೆ ನಿಂತು ಹೇಗೆ ವಿವರಿಸುವುದು? ಇನ್ನೊಂದು ಪೇಢೆ ಕೈಗಿಟ್ಟೆ. ಅವತ್ತು ಸಾವಂತ್ರಿ, "ಕುಣದ್ರ ಮಣಕಾಲು ಹಿಡಿತಾವ, ಕೂಡ್ರಿ," ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು.

ಈಗ ಶ್ರಾವಣಿ ಮರಳಿ ಬಂದಿದ್ದಾಳೆ, ಅವಳ ಗುಂಪಿನ ಬೇರೆಯವರು ಅಲ್ಲಿದ್ದಾರೆ. ಮುಂದಿನ ತಂಡದ ಸ್ಕರ್ಟು ನಾನೇ ಕತ್ತರಿಸುತ್ತಿದ್ದೇನೆ. ಈ ಸಲ ಯಾವ ಕ್ಲಾಸು ಎಂದು ಕೇಳಲಿಲ್ಲ. ಒಬ್ಬೊಬ್ಬಳಿಗೂ ಟೇಪು ಹಿಡಿದು ಅಳತೆ ಕಳಿಸಿ ಅಂದೆ. ಜನ್ಮವೆಲ್ಲ ಶಾಲೆ ಬಟ್ಟೆ ಕತ್ತರಿಸಿದ ಮೇಲೆ ನಾನು ಕಲಿತ ಪಾಠ ಇಷ್ಟೇ. ಮಗು ಯಾವ ಕ್ಲಾಸಿನಲ್ಲಿದೆ ಎಂದು ತಿಳಿದ ಮಾತ್ರಕ್ಕೆ ಮಗು ಎಷ್ಟಿದೆ ಎಂದು ತಿಳಿಯುವುದಿಲ್ಲ.

ನಾಲ್ಕು ಇಂಚು ಮಾತ್ರ ಈಗಲೂ ಬಿಡುತ್ತೇನೆ. ಬರುವ ಮುಂಚೆ ಶ್ರಾವಣಿ ತೆಗೆದ ವಿಡಿಯೋ ಒಂದಿದೆ, ದಿನಕ್ಕೊಮ್ಮೆ ನೋಡುತ್ತೇನೆ. ಚಿಸೊಮೊ ಹೈಸ್ಕೂಲಿನ ಹಸಿರು ಬಟ್ಟೆಯಲ್ಲಿ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಾಳೆ. ಪಕ್ಕದಲ್ಲಿ ಗೋಗೊ ಆ ನೀಲಿ ಸ್ಕರ್ಟಿನ ನಡುವಿನ ಹೊಲಿಗೆಯನ್ನು ಮೆಲ್ಲಗೆ ಬಿಚ್ಚುತ್ತಿದ್ದಾಳೆ. ಒಂದು ಮತ್ತೆ ಎರಡಾಗುತ್ತದೆ. ಅಂಚು ಹಳೆಯ ಗೆರೆಯ ಮೇಲೇ ಒಳಗೆ ಮಡಚಿಕೊಳ್ಳುತ್ತದೆ. ಇಬ್ಬರು ಚಿಕ್ಕ ಹುಡುಗಿಯರು ಅವನ್ನು ಹಾಕಿಕೊಂಡು ಶಾಲೆಯ ದಾರಿ ಹಿಡಿದು ಓಡುತ್ತಾರೆ. ಒಬ್ಬಳು ಅವತ್ತು ತನ್ನದನ್ನು ಕೊಟ್ಟವಳು. ಇನ್ನೊಬ್ಬಳು ಅದೇ ವರ್ಷ ಹೊಸದಾಗಿ ಸೇರಿದವಳು.