ನಮ್ಮ ಕೆಂಪಿ ಒದ್ದದ್ದು ಫೋನ್ ಕಂಪನಿಗೆ ಹೇಗೆ ಗೊತ್ತು?

ನಿಮ್ಮ ಹಸು ನಿಮ್ಮನ್ನು ಒದ್ದರೆ ಮೊದಲು ಯಾರಿಗೆ ಹೇಳುತ್ತೀರಿ? ಗಂಡನಿಗೋ, ದನದ ಡಾಕ್ಟರಿಗೋ, ನಿಮ್ಮ ಫೋನು ತಯಾರಿಸಿದ ಕಂಪನಿಗೋ?

ನಗಬೇಡಿ. ನಾನು ಕಂಪನಿಗೇ ಹೇಳಿದ್ದೇನೆ. ಹೇಳಿದ್ದು ನನಗೇ ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ಕೆಂಪಿ ಹಾಲಿನಲ್ಲಿ ಲಕ್ಷ್ಮಿ, ಕಾಲಿನಲ್ಲಿ ಪೊಲೀಸು. ಹೋದ ತಿಂಗಳು ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಒಂದು ಬಿಟ್ಟಳು ನೋಡಿ, ಬಕೆಟ್ ಒಂದು ಕಡೆ, ನಾನೊಂದು ಕಡೆ. ಮಂಡಿ ಇನ್ನೂ ಕುಂಬಳಕಾಯಿಯಂತಿದೆ. ಇನ್ನೊಂದು ಒದೆ ಬಿದ್ದರೆ ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅಂಕಣ ಬರೆಯಬೇಕು. ಮಾರಲೇಬೇಕು. ಆದರೆ ಒದೆಯುವ ಹಸು ಅಂತ ಹೆಸರು ಬಿದ್ದರೆ ಮದ್ದೂರಿನಿಂದ ಮಳವಳ್ಳಿವರೆಗೂ ಒಬ್ಬ ಗಿರಾಕಿ ಸಿಗುವುದಿಲ್ಲ. ಹಾಗಾಗಿ ಬಾಯಿಗೆ ಬೀಗ. (ಮೋಸವಾ? ಹೆಣ್ಣು ತೋರಿಸುವಾಗ ಹುಡುಗಿಗೆ ಬಲು ಸಿಟ್ಟು ಅಂತ ಯಾರಾದರೂ ಹೇಳುತ್ತಾರಾ?)

ಭಾರತೀನಗರದಲ್ಲಿರುವ ತಂಗಿಗೆ ಮಾತ್ರ ಫೋನಿನಲ್ಲಿ ಪಿಸುಗುಟ್ಟಿದ್ದೆ. "ಒದಿತಾಳೆ ಕಣೇ, ಯಾರ್ಗೂ ಏಳ್ಬ್ಯಾಡ." ಅವಳು ಹೇಳಲಿಲ್ಲ. ಪಾಪ, ಗುಟ್ಟು ಬಿಡುವವಳಲ್ಲ.

ಭಾನುವಾರ ಮಳವಳ್ಳಿ ಕಡೆಯಿಂದ ನಿಂಗಣ್ಣ ಅನ್ನುವವರು ಹಸು ನೋಡಲು ಬಂದರು. ಮಧ್ಯಾಹ್ನ ಬರಲು ಹೇಳಿದ್ದು ನಾನೇ. ಬೆಳಿಗ್ಗೆ ಬಂದರೆ ತಾವೇ ಹಾಲು ಕರೆದು ನೋಡುತ್ತಾರಲ್ಲ!

"ಒದಿತದಾ ಅವ್ವಾ?"

"ಅಯ್ಯೋ, ಮಗಿನಂಗೆ ಕಣಪ್ಪ. ಕಾಲೆತ್ತಾದೇ ಗೊತ್ತಿಲ್ಲ."

ನಮ್ಮ ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸಿಕೊಂಡು ನಿಂಗಣ್ಣನ ಕೈ ಹಿಡಿದರು. ನಮ್ಮ ಕಡೆ ಹಳಬರು ದನದ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮರೆಯಲ್ಲಿ ಬೆರಳು ಒತ್ತಿಯೇ ಚೌಕಾಸಿ. ಪಕ್ಕದಲ್ಲಿ ನಿಂತ ಹೆಂಡತಿಗೂ ತಿಳಿಯಬಾರದು. ಎಂಥಾ ಸೆಕ್ಯುರಿಟಿ! ಇದಕ್ಕೆ ಪಾಸ್‌ವರ್ಡ್ ಬೇಕಾ, ಓಟಿಪಿ ಬೇಕಾ?

ಇಬ್ಬರ ಮುಖವೂ ಸಡಿಲವಾಯಿತು. ವ್ಯಾಪಾರ ಕುದುರುವ ಲಕ್ಷಣ. ಅಷ್ಟರಲ್ಲಿ ನಿಂಗಣ್ಣ, "ಹಾಲ್ ಕರೆಯೋ ವಿಡಿಯೋ ಐತಾ ಅವ್ವಾ?" ಅಂದರು. ಇಲ್ಲದೆ ಏನು? ಮೊಮ್ಮಗಳು ರಮ್ಯ ತೆಗೆದಿದ್ದಳು. ಕೆಚ್ಚಲು ಕಾಣುತ್ತದೆ, ಹಾಲು ಕಾಣುತ್ತದೆ, ಹಿಂಗಾಲಿಗೆ ಕಟ್ಟಿದ ಹಗ್ಗ ಕಾಣುವುದಿಲ್ಲ. ಹೆಮ್ಮೆಯಿಂದ ಫೋನನ್ನು ಅವರ ಮೂಗಿನ ಮುಂದೆ ಹಿಡಿದೆ.

ಟಿಣ್ ಅಂತ ಪರದೆಯ ಮೇಲಿಂದ ಒಂದು ಪಟ್ಟಿ ಇಳಿಯಿತು. ಅಚ್ಚ ಕನ್ನಡದಲ್ಲಿ. 'ನಿಮ್ಮ ಹಸು ಒದೆಯುತ್ತಿದೆಯೇ? ಹಿಂಗಾಲಿಗೆ ಹಾಕುವ ಕೊಂಡಿ ಇಂದೇ ತರಿಸಿ!' ಫೋನು ತಯಾರಿಸಿದ ಕಂಪನಿಯವರದೇ ಅಂಗಡಿಯಂತೆ.

ನಿಂಗಣ್ಣ ಓದಿದರು. ಟವೆಲ್ ಒಳಗಿನ ಬೆರಳು ಅಲ್ಲೇ ನಿಂತವು.

"ರಮ್ಯಾ, ಇದೇನವ್ವ ಇದು?"

"ಪರ್ಮಿಷನ್ನೆಲ್ಲ ಆಫ್ ಮಾಡಿದ್ದೆ ಅಜ್ಜಿ. ಆದ್ರೂ ಫೋನಲ್ಲಿರೋ ಆ್ಯಪ್‌ಗಳು ಕೇಳ್ದಲೇ ಎಳ್ಕತವೆ ಅಂತೆ. ನೀನ್ ಏನ್ ಮಾತಾಡ್ದೆ, ಎಲ್ಲೋದೆ, ಎಲ್ಲಾ ಕಂಪ್ನಿಗೆ ಓಯ್ತದಂತೆ."

ಯೋಚಿಸಿ. ದೂರದ ಯಾವುದೋ ಏಸಿ ರೂಮಿನಲ್ಲಿ ಟೈ ಕಟ್ಟಿದವನೊಬ್ಬ ಎದ್ದು ನಿಂತು, 'ಸರ್, ಮದ್ದೂರು ತಾಲ್ಲೂಕಿನ ಕೆಂಪಿ ಒದ್ದಳು' ಅಂತ ವರದಿ ಒಪ್ಪಿಸುತ್ತಿದ್ದಾನೆ. ಅಲ್ಲಾ, ಡೇರಿಯಲ್ಲಿ ಒಂದು ಮೂಟೆ ಹಿಂಡಿ ಕೊಡಲೂ ನನ್ನ ಸೈನು ಕೇಳುತ್ತಾರೆ. ಮನೆಯೊಳಗಿನ ಮಾತನ್ನು ಹೊತ್ತುಕೊಂಡು ಹೋಗುವವರು ಒಂದು ಮಾತು ಕೇಳಬಾರದಾ? ಕದ್ದರೂ ಕದಿಯಲಿ, ಕದ್ದದ್ದಕ್ಕೆ ಕೊಂಡಿ ಸಿಗಿಸಿ ನನಗೇ ಮಾರುವುದಾ?

(ಈ ಅಂಕಣವನ್ನೂ ಅದೇ ಫೋನಿನಲ್ಲಿ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ಟೈಪಿಂಗ್ ಕಲಿತದ್ದು ಇನ್ನೂ ಹೊಸತು. ನಿಮಗಿಂತ ಮೊದಲು ಕಂಪನಿಯವರೇ ಓದಿರುತ್ತಾರೆ. ಚೆನ್ನಾಗಿದೆಯಾ ಸ್ವಾಮಿ?)

ಇಷ್ಟೆಲ್ಲ ಸಿಟ್ಟನ್ನೂ ಪಾಪದ ನಿಂಗಣ್ಣನ ಮೇಲೇ ಸುರಿದೆ. "ನೀನೇ ಏಳಪ್ಪ, ಈ ಕಂಪ್ನಿಯೋರು ನನ್ ಒಪ್ಗೆ ಇಲ್ದಲೆ ನನ್ ಗುಟ್ಟ ಬೀದಿಗ್ ಹಾಕವ್ರೆ. ಇದು ನ್ಯಾಯವಾ?"

ಅವರು ಟವೆಲ್ ಒಳಗಿಂದ ಬೆರಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಚಪ್ಪಲಿ ಮೆಟ್ಟಿಕೊಂಡರು.

"ಹಸ ಬ್ಯಾಡ ಕಣವ್ವ. ಆ ಫೋನ್ ಮಾರದಾದ್ರೆ ಏಳಿ, ಈ ಮನೇಲಿ ನಿಜ ಏಳದು ಅದೊಂದೇಯ!"