ಮಂತ್ರಿಗಳು ಇಲ್ಲವೆಂದ ಹೆಂಗಸು

ಮಲೇಷ್ಯಾದ ತೆರೆಂಗಾನು ಕಡಲ ದಂಡೆಯ ಆ ಊರಲ್ಲಿ ಸೆನಾ ಮಾಡಿದ ಮೀನಿನ ಹಪ್ಪಳ ತಿನ್ನದವರಿಲ್ಲ. ಗಂಡ ದೆರಾಮನ್ ಹಿಡಿದು ತಂದ ಮೀನನ್ನು ಕುಟ್ಟಿ, ಹಿಟ್ಟು ಕಲಸಿ, ಬೇಯಿಸಿ, ಒಣಗಿಸಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಬಾಯಿ ಮಾತ್ರ ಸ್ವಲ್ಪ ಜೋರು.

ಸರ್ಕಾರ ಸಣ್ಣ ದೋಣಿಗಳಿಗೆ ಕೊಡುತ್ತಿದ್ದ ಡೀಸೆಲ್ ಸಬ್ಸಿಡಿ ನಿಲ್ಲಿಸಿತು. ದೆರಾಮನ್‌ನ ದೋಣಿ ಮರಳೇರಿ ಕೂತಿತು. ಆ ದಿನಗಳಲ್ಲೇ ವಿರೋಧ ಪಕ್ಷದ ಸಂಸದ ಹಲೀಮ್ ಅವಳ ಅಂಗಡಿಗೆ ಬಂದು, ಹಪ್ಪಳ ಮೆಲ್ಲುತ್ತ, ಹೇಗಿದ್ದೀರಿ ಎಂದರು. ಕೇಳಬೇಕೆ! ಹೊಟ್ಟೆಯೊಳಗಿದ್ದುದನ್ನೆಲ್ಲ ಕಕ್ಕಿಬಿಟ್ಟಳು.

ಅವರು ಅದನ್ನು ನೇರ ಸಂಸತ್ತಿಗೆ ಒಯ್ದರು. ಚಹಾದಂಗಡಿಯ ಟಿವಿಯಲ್ಲಿ ಊರಿಗೆ ಊರೇ ನೋಡಿತು.

“ದೋಣಿ ಮರಳ ಮೇಲೆ ಮಲಗಿದ್ರೆ ಒರಳಲ್ಲಿ ಏನು ಕುಟ್ಲಿ, ಮಂತ್ರಿಗಳ ಭಾಷಣಾನಾ ಅಂತ ನನ್ನ ಕ್ಷೇತ್ರದ ಸೆನಾ ಕೇಳ್ತಿದಾರೆ, ಉತ್ತರ ಕೊಡಿ,” ಎಂದರು ಹಲೀಮ್.

ಮಂತ್ರಿಗಳು ಕೆಂಡವಾದರು. ಅಂಥ ಹೆಂಗಸೇ ಇಲ್ಲ, ಇದೆಲ್ಲ ಕಟ್ಟುಕತೆ, ಮಾತು ಹಿಂತೆಗೆದುಕೊಳ್ಳಲಿ ಎಂದು ಪಟ್ಟು ಹಿಡಿದರು. ಅವಳಿರುವುದನ್ನು ತೋರಿಸಲು, ಇಲ್ಲವೇ ಮಾತು ಹಿಂತೆಗೆದುಕೊಳ್ಳಲು ಸಭಾಧ್ಯಕ್ಷರು ಹಲೀಮ್‌ಗೆ ಸೋಮವಾರದವರೆಗೆ ಗಡುವು ಕೊಟ್ಟರು.

ಸಂಜೆಗೇ ಊರ ಮುಖಂಡ ಜುಸೋ ಬಂದ. ಆಳುವ ಪಕ್ಷದವನು, ಸೆನಾಳ ಕಣ್ಮುಂದೆ ಬೆಳೆದವನು. ಶನಿವಾರ ಅವಳ ಮಗಳು ಸುರಾಯಾಳ ಮದುವೆ. ಮದುವೆ ಅಡುಗೆಗೆ ಅಲ್ಲಿ ಬಾಣಸಿಗರನ್ನು ಕರೆಯುವುದಿಲ್ಲ. ಊರವರೇ ತಮ್ಮ ತಮ್ಮ ಚಾಕು ಹಿಡಿದು ಬಂದು ಹೆಚ್ಚಿ, ಬೇಯಿಸಿ, ಬಡಿಸುತ್ತಾರೆ. ಪಕ್ಷದ ಜಗಳಕ್ಕೆ ಒಬ್ಬರ ಮನೆ ಅನ್ನ ಇನ್ನೊಬ್ಬರು ಮುಟ್ಟದ ಕಾಲವನ್ನು ಸೆನಾ ಚಿಕ್ಕಂದಿನಲ್ಲಿ ಕಂಡಿದ್ದಳು.

“ಏನೂ ಹೇಳು ಅಂತಿಲ್ಲ ಅಕ್ಕಾ, ಯಾರು ಕೇಳಿದ್ರೂ ಸುಮ್ಮನಿದ್ದುಬಿಡು ಅಷ್ಟೆ,” ಎಂದ ಜುಸೋ. “ಇಲ್ಲಾಂದ್ರೆ ಮದುವೆಗೆ ಒಂದು ನರಪಿಳ್ಳೆನೂ ಬರಲ್ಲ. ಆಮೇಲೆ ನನ್ನ ಬೈಬೇಡ.”

ಸುದ್ದಿ ತಿಳಿದು ಹಲೀಮ್ ಸೆನಾಳಿಗೆ ಫೋನ್ ಮಾಡಿ, ಅವಳಿಗೆ ತೊಂದರೆಯಾಗುವುದಾದರೆ ಮಾತು ವಾಪಸ್ ಪಡೆಯುವುದಾಗಿ ಹೇಳಿದರು. ಪಾಪ, ಒಳ್ಳೆಯ ಮನುಷ್ಯ. ಮಗಳ ಮುಖ ನೋಡಿ ಅವಳೂ ಸುಮ್ಮನಿರೋಣವೆಂದೇ ಅಂದುಕೊಂಡಳು. ಆದರೆ ಒರಳ ಮುಂದೆ ಕೂತಾಗ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಮೀನು ಕುಟ್ಟಿ ಸವೆದ ಈ ರಟ್ಟೆ ಹಾಗಾದರೆ ಯಾರದು?

ಬೆಳಿಗ್ಗೆ ವಿಡಿಯೊ ತೆಗೆಯೆಂದು ಸುರಾಯಾಳ ಕೈಗೆ ಫೋನ್ ಕೊಟ್ಟು, ತಲೆವಸ್ತ್ರ ಸರಿಮಾಡಿಕೊಂಡು ಕೂತಳು. ಡೀಸೆಲ್ ಸುದ್ದಿಯನ್ನೇ ಎತ್ತಲಿಲ್ಲ.

“ಮಂತ್ರಿಗಳೇ, ನಾನು ಸೆನಾ. ಶನಿವಾರ ನನ್ನ ಮಗಳ ಮದುವೆ. ದಯವಿಟ್ಟು ಬಂದು ಊಟ ಮಾಡ್ಕೊಂಡು ಹೋಗಿ. ಬಡಿಸೋಳು ನಾನೇ. ಇದೀನೋ ಇಲ್ವೋ ಕಣ್ಣಾರೆ ನೋಡ್ಬಹುದು.”

ಮಧ್ಯಾಹ್ನದೊಳಗೆ ಅದನ್ನು ದೇಶವೇ ನೋಡಿತು. ಜುಸೋ ಪೇಚಿಗೆ ಸಿಕ್ಕ. ಕರೆದ ಮದುವೆಗೆ ಹೋಗದಿರುವುದು ಅವರಲ್ಲಿ ಸಲ್ಲದು. ಮಂತ್ರಿಗಳು ಬಂದೇಬಿಟ್ಟು, ಒಲೆ ಉರಿಯದ ಮನೆ ಕಂಡರೆ? ಮೊದಲು ಮಾನ ಹೋಗುವುದು ಊರ ಮುಖಂಡನದೇ. ಶುಕ್ರವಾರ ಅವನೇ ದೊಡ್ಡ ಕಡಾಯಿ ಹೊತ್ತು ಬಂದ. ಹಿಂದೆಯೇ ಚಾಕು ಹಿಡಿದ ಊರು ಬಂತು. ಈರುಳ್ಳಿ ಹೆಚ್ಚುವವರ ನಡುವೆ ಕೂತು ಸೆನಾ ಮನಸಾರೆ ಅತ್ತಳು.

ಶನಿವಾರ ಜುಸೋ ಚಪ್ಪರದ ಮುಂದಿನ ಸಾಲಲ್ಲಿ ಒಳ್ಳೆಯ ಕುರ್ಚಿಯೊಂದನ್ನು ಕಾದಿಟ್ಟು, ರಸ್ತೆ ನೋಡಿ ನೋಡಿ ಸುಸ್ತಾದ. ಊರೆಲ್ಲ ಉಂಡು ಎದ್ದಿತು. ಮಂತ್ರಿಗಳ ಸುಳಿವಿಲ್ಲ. ಸೆನಾ ತುಪ್ಪದನ್ನ, ಮಾಂಸದ ಸಾರು ಬಡಿಸಿ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿದಳು.

“ಉಣ್ಣು ಜುಸೋ. ಮಾತು ವಾಪಸ್ ತಗೋಬೇಡಿ ಅಂತ ಹಲೀಮ್ ಅವರಿಗೆ ಹೇಳಿದೀನಿ. ಸೋಮವಾರ ಇದನ್ನೂ ಸೇರಿಸಿ ಹೇಳ್ಲಿ, ಅಂಥ ಮಂತ್ರಿನೇ ಇಲ್ವಂತೆ ಅಂತ.”

ಜುಸೋ ಇನ್ನಷ್ಟು ಸಾರಿಗೆ ತಟ್ಟೆ ಚಾಚಿದ. ಅವನ ತಮ್ಮನ ದೋಣಿಯೂ ಮರಳ ಮೇಲೇ ಇತ್ತು.