ಆಟ ಬಿಟ್ಟವನು ಕೂತ ಸಾಲು

ಅವಳನ್ನು ಆಫೀಸಿನಲ್ಲಿ ಎಲ್ಲರೂ ಗ್ಯಾಲರಿ ಅಕ್ಕ ಎಂದೇ ಕರೆಯುತ್ತಿದ್ದರು. ವಾರಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ವಾಲಿಬಾಲ್ ಚಿತ್ರಕಥೆ ಬರುತ್ತಿತ್ತು. ಅದರ ನಾಯಕ ಸಿಡಿಲಣ್ಣನನ್ನು ಬಿಡಿಸುವವರು ಮೇಷ್ಟ್ರು. ಅವನ ಹಿಂದಿನ ನೆಟ್ಟು, ದೀಪ, ಸಾಲುಸಾಲು ಜನ, ಇವೆಲ್ಲ ಅಕ್ಕನ ಪಾಲು. ಸಿಡಿಲಣ್ಣ ಎಗರಿ ಚೆಂಡು ಹೊಡೆಯುವಾಗ ಮೂರನೇ ಸಾಲಿನಲ್ಲಿ ಒಬ್ಬ ಆಕಳಿಸುತ್ತಿರುತ್ತಿದ್ದ, ಇನ್ನೊಬ್ಬ ಬಗ್ಗಿ ಚಪ್ಪಲಿ ಹುಡುಕುತ್ತಿರುತ್ತಿದ್ದ. ಅದನ್ನು ಗಮನಿಸಿದ ಓದುಗರು ಬೆರಳೆಣಿಕೆಯಷ್ಟು. ಅಕ್ಕನಿಗೆ ಬೇಸರವಿರಲಿಲ್ಲ.

"ನನ್ನ ಕೆಲಸ ಯಾರ ಕಣ್ಣಿಗೂ ಬೀಳ್ಲಿಲ್ಲ ಅಂದ್ರೆ ಆಟ ಚೆನ್ನಾಗಿದೆ ಅಂತ ಅರ್ಥ" ಎನ್ನುತ್ತಿದ್ದಳು.

ಕೊನೆಗೊಂದು ದಿನ ಮೇಷ್ಟ್ರು ಸಿಡಿಲಣ್ಣನ ಕೊನೆಯ ಪಂದ್ಯ ಬಿಡಿಸಿ ಮುಗಿಸಿದರು. ಕಥೆಯೊಳಗೆ ಅವನಿಗೆ ಮೂವತ್ತೆಂಟು, ಮಂಡಿ ಸವೆದಿತ್ತು. ಮೇಷ್ಟ್ರಿಗೆ ಅರವತ್ತೊಂದು, ಅವರ ಮಂಡಿಯ ಕಥೆಯೂ ಅಷ್ಟೇ. ಓದುಗರ ಪತ್ರಗಳು ಚೀಲ ತುಂಬಿ ಬಂದವು. ಸಂಪಾದಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಮುಂದೇನು ಮೇಷ್ಟ್ರೇ? ಅವನ ಮಗನ್ನ ಇಳಿಸಿಬಿಡಿ. ಹೊಸ ಆಟಗಾರ, ಹೊಸ ಸೇಡು."

"ಅವನಿಗೆ ಮದುವೇನೇ ಮಾಡಿಲ್ಲ ನಾನು."

"ಹೋಗ್ಲಿ, ಕೋಚ್ ಮಾಡಿ."

ಮೇಷ್ಟ್ರು ಸಿಡಿಲಣ್ಣನ ಕೊರಳಿಗೆ ಸೀಟಿ ತೊಡಿಸಿ ನೋಡಿದರು. ಎರವಲು ಅಂಗಿ ಹಾಕಿಕೊಂಡು ಬಂದವನ ಹಾಗೆ ಕಂಡ. ಹಾಳೆ ಹರಿದರು, ಮತ್ತೆ ಬಿಡಿಸಿದರು, ಮತ್ತೆ ಹರಿದರು. ಪತ್ರಿಕೆ ಮೂರು ವಾರ ಹಳೆಯ ಕಂತುಗಳನ್ನೇ ಹಾಕಿ ದಿನ ತಳ್ಳಿತು.

ನಾಯಕನೇ ಇಲ್ಲದ ಮೇಲೆ ಅವನ ಹಿಂದಿನ ಜನರಿಗೇನು ಕೆಲಸ? ಅಕ್ಕ ಮನೆಯಲ್ಲಿ ಕೂತಳು. ಬೀಗ ರಿಪೇರಿ ಮಾಡುವ ಗಂಡ ನಾಲ್ಕು ದಿನ ನೋಡಿ, "ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೂ ತಲೆಗಳನ್ನ ಬಿಡಿಸಿಟ್ಟಿದ್ದೀಯಲ್ಲೇ. ಎಲ್ಲಾದ್ರೂ ಹೋಗಿ ಬಾ" ಎಂದ.

ಅವಳು ಹೋದದ್ದು ನಗರಸಭೆಯ ಒಳಾಂಗಣ ಕ್ರೀಡಾಂಗಣಕ್ಕೆ. ಯಾವುದೋ ಕಂಪನಿಗಳ ನಡುವಿನ ಪಂದ್ಯ, ಅರ್ಧಕ್ಕರ್ಧ ಕುರ್ಚಿ ಖಾಲಿ. ಎತ್ತರದ ಒಬ್ಬ ಗಂಡಸು ಒಂಟಿಯಾಗಿ ಬಂದ. ಮೊದಲು ಅಂಗಳಕ್ಕೆ ಅಂಟಿದ ಸಾಲಿನಲ್ಲಿ ಕೂತ, ಎದ್ದ. ನಡುವಿಗೆ ಹೋದ, ಅಲ್ಲಿಂದಲೂ ಎದ್ದ. ಕಡೆಗೆ ಬಾಗಿಲ ಪಕ್ಕದ ಮೇಲಿನ ಸಾಲಿಗೆ, ಅಕ್ಕನ ಹತ್ತಿರ ಬಂದು ಕೂತ. ಚೆಂಡು ಮೇಲೆ ಹೋದಾಗಲೆಲ್ಲ ಅವನ ಹಿಮ್ಮಡಿ ತಾನಾಗಿ ನೆಲ ಬಿಡುತ್ತಿತ್ತು.

"ಯಾರ ಕಡೆ ನೀವು?" ಎಂದು ಅಕ್ಕ ಮಾತಿಗೆಳೆದಳು.

"ಅದೇ ಗೊತ್ತಾಗ್ತಿಲ್ಲ" ಎಂದ ಅವನು. "ಹದಿನಾರು ವರ್ಷ ಆಡಿದೆ. ನೋಡೋದು ಹೇಗೆ ಅಂತ ಯಾರೂ ಹೇಳಿಕೊಡ್ಲಿಲ್ಲ."

ಮನೆಗೆ ಬಂದವಳೇ, ಗ್ಯಾಲರಿಯಲ್ಲಿ ಕುರ್ಚಿ ಹುಡುಕುವ ಸಿಡಿಲಣ್ಣನನ್ನು ಹನ್ನೆರಡು ಹಾಳೆಗಳಲ್ಲಿ ಬಿಡಿಸಿದಳು. ಅಷ್ಟೂ ವರ್ಷಗಳಲ್ಲಿ ಸಿಡಿಲಣ್ಣನ ಮುಖಕ್ಕೆ ಅವಳು ಕೈ ಹಾಕಿದ್ದು ಅದೇ ಮೊದಲು. ಮರುದಿನ ಹಾಳೆಗಳನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, ನಿಲ್ಲಲೂ ಆಗದೆ ಹೋಗಲೂ ಆಗದೆ ಕಿಟಕಿ ಒರೆಸತೊಡಗಿದಳು.

ಮೇಷ್ಟ್ರು ಎರಡು ಸಲ ತಿರುವಿ ಹಾಕಿದರು. "ಮೂಗು ಸೊಟ್ಟ."

"ಗೊತ್ತು ಮೇಷ್ಟ್ರೇ."

"ಆಟ ಬಿಟ್ಟವನು ಎಲ್ಲಿ ಕೂರ್ತಾನೆ ಅಂತ ನಾನು ಒಂದಿನಾನೂ ಯೋಚನೆ ಮಾಡಿಲ್ಲ ನೋಡಮ್ಮ. ಅಂಗಳ ದಾಟಿದ್ರೆ ಅದು ನಿನ್ನ ಸೀಮೆ. ಕಥೆ ನೀನೇ ನಡೆಸು. ಮೂಗು ನಾನು ನೋಡ್ಕೋತೀನಿ."

"ಇದರಲ್ಲಿ ಸೇಡೆಲ್ಲಿದೆ?" ಎಂದು ಸಂಪಾದಕರು ಗೊಣಗಿದರು. ಆದರೂ ಆರು ವಾರದ ಅವಕಾಶ ಕೊಟ್ಟರು. ಇಡೀ ಒಂದು ಕಂತು ಸಿಡಿಲಣ್ಣ ಟಿಕೆಟ್ ಸಾಲಿನಲ್ಲಿ ನಿಂತದ್ದಕ್ಕೆ ಹಳೆಯ ಓದುಗರು ಕೆಂಡವಾದರು. ಕೆಲವರು ಪತ್ರಿಕೆಯನ್ನೇ ಬಿಟ್ಟರು. ಐದನೇ ವಾರ ಬೇರೆ ಬಗೆಯ ಪತ್ರಗಳು ಬರತೊಡಗಿದವು. ನಿವೃತ್ತ ನರ್ಸ್ ಒಬ್ಬರು, ಬೆಳಗಿನ ಪಾಳಿಯ ಸಮಯಕ್ಕೆ ಈಗಲೂ ಎಚ್ಚರವಾಗುತ್ತದೆ, ಎದ್ದು ಎಲ್ಲಿಗೆ ಹೋಗಲಿ ಎಂದು ಬರೆದಿದ್ದರು. ಆ ಪತ್ರವನ್ನು ಅಕ್ಕ ಎರಡು ಸಲ ಓದಿದಳು. ಮುಂದಿನ ಕಂತಿನಲ್ಲಿ ಸಿಡಿಲಣ್ಣನ ಪಕ್ಕದ ಕುರ್ಚಿಯಲ್ಲಿ ಒಬ್ಬ ನರ್ಸ್ ಬಂದು ಕೂತಳು.

ಆರು ವಾರ ಎಂದದ್ದು ಮೂರು ವರ್ಷ ನಡೆಯಿತು. ಎರಡನೇ ವರ್ಷದಿಂದ ಮೇಷ್ಟ್ರ ಹೆಸರಿನ ಕೆಳಗೆ ಅಕ್ಕನ ಹೆಸರೂ ಬಂತು.

"ಇರುವೆ ಸಾಲಿನ ಹಾಗೆ ಹಾಕಿದ್ದಾರಲ್ಲೇ" ಎಂದ ಗಂಡ, ಕೀಲಿ ನೋಡುವ ಭೂತಗನ್ನಡಿ ಹಿಡಿದು.

"ಓದೋಕೆ ಬಂತಲ್ಲ, ಬಿಡಿ" ಎಂದಳು ಅಕ್ಕ. ಆ ವಾರದ ಕಂತಿನಲ್ಲಿ ಸಿಡಿಲಣ್ಣ ನಲವತ್ತರ ಹೊಸ್ತಿಲಲ್ಲಿ ಈಜು ಕಲಿಯಲು ಹೊರಟಿದ್ದ. ನೀರಿನ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡಲು ಅವಳು ಹಿತ್ತಿಲಲ್ಲಿ ಬಕೆಟ್ ಮುಂದೆ ಕೂತಿದ್ದಳು.